ತೊಂಬತ್ತಾರು ಕುಳಿಗಳ ಸಾಕ್ಷಿ

ಡೆಂಗಿ ಹಬ್ಬುವ ಮಳೆಗಾಲದಲ್ಲಿ ‘ಎಲೈಸಾ’ ಎಂಬ ಹೆಸರು ಮನೆಮನೆಯ ಮಾತಾಗುತ್ತದೆ. ಎನ್‌ಎಸ್‌1 ಪಾಸಿಟಿವ್ ಅಂತೆ, ಪ್ಲೇಟ್‌ಲೆಟ್ ಎಷ್ಟಿದೆಯಂತೆ ಎಂದು ಫೋನಿನಲ್ಲಿ ವಿಚಾರಿಸುವವರಿಗೆ ಆ ಪರೀಕ್ಷೆಯ ಒಳಗೇನು ನಡೆಯುತ್ತದೆ ಎಂಬುದು ಗೊತ್ತಿಲ್ಲದಿರಬಹುದು, ಅದು ಕೊಡುವ ಉತ್ತರದ ಮೇಲೆ ಮಾತ್ರ ನಂಬಿಕೆ ಇರುತ್ತದೆ. ಆ ನಂಬಿಕೆಗೆ ಆಧಾರವೂ ಇದೆ. ರೋಗ ಪತ್ತೆಗೆಂದು ಮಾರುವ ಕಿಟ್‌ಗಳು ಪರವಾನಗಿ, ಗುಣಮಟ್ಟದ ತಪಾಸಣೆಗಳನ್ನು ದಾಟಿ ಬರಬೇಕು.

ಇದೇ ವಿಧಾನಕ್ಕೆ ಇನ್ನೊಂದು ದೊಡ್ಡ ಲೋಕವಿದೆ. ವಿಶ್ವವಿದ್ಯಾಲಯಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳನ್ನು ಅಳೆಯುವುದಕ್ಕೆ ಇಂಥವೇ ಕಿಟ್‌ಗಳನ್ನು ತರಿಸುತ್ತಾರೆ. ಅವುಗಳ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ‘ಸಂಶೋಧನೆಯ ಬಳಕೆಗೆ ಮಾತ್ರ’ ಎಂದಿರುತ್ತದೆ. ಕಿಟ್ ತಾನು ಹೇಳಿದ್ದನ್ನೇ ಅಳೆಯುತ್ತದೆಯೇ ಎಂದು ನೋಡಿಕೊಳ್ಳುವ ಹೊಣೆ ಕೊಂಡವರದು ಎಂದು ಇದರ ಅರ್ಥ. ಈ ಹೊಣೆಯನ್ನು ನಾವು ಎಷ್ಟು ಹೊತ್ತಿದ್ದೇವೆ ಎಂದು ಯೋಚಿಸುವುದಕ್ಕೆ ಎಚ್‌ಎಸ್‌ಪಿ70 (ಹೀಟ್ ಶಾಕ್ ಪ್ರೋಟೀನ್) ಎಂಬ ಪ್ರೋಟೀನಿನ ಕಿಟ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಬಿಸಿಲು, ಜ್ವರ, ವಿಷ, ಆಮ್ಲಜನಕದ ಕೊರತೆ, ಯಾವ ಸಂಕಟ ಬಂದರೂ ಜೀವಕೋಶ ಅವಸರದಿಂದ ತಯಾರಿಸಿಕೊಳ್ಳುವ ಪ್ರೋಟೀನ್ ಇದು. ಬೇಸಿಗೆ ವರ್ಷದಿಂದ ವರ್ಷಕ್ಕೆ ಬಿರುಸಾಗುತ್ತಿರುವ ಕಾಲದಲ್ಲಿ ಇದನ್ನು ಅಳೆಯುವ ಆಸೆ ಎಲ್ಲರಿಗೂ ಇದೆ: ಆಡು ಸಾಕುವವರ ಕಷ್ಟ ತಿಳಿದ ಪಶುವಿಜ್ಞಾನಿಗೆ, ಕೀಟನಾಶಕದಿಂದ ಕೆರೆಯ ಮೀನಿಗೇನಾಯಿತು ಎಂದು ಹುಡುಕುವವರಿಗೆ, ಬಿಸಿಗೆ ಬಾಡುವ ರೇಷ್ಮೆಹುಳುವನ್ನು ಗಟ್ಟಿಮಾಡಬೇಕೆನ್ನುವವರಿಗೆ.

ಈ ಪ್ರೋಟೀನಿನ ಕಥೆ ಶುರುವಾಗುವುದು ಇಟಲಿಯಲ್ಲಿ, 1960ರ ದಶಕದ ಆರಂಭದಲ್ಲಿ. ಫೆರುಚ್ಚೊ ರಿಟೋಸ್ಸಾ ಎಂಬ ತರುಣ ತಳಿವಿಜ್ಞಾನಿ ಹಣ್ಣುನೊಣದ ಮರಿಹುಳುಗಳ ಜೊಲ್ಲುಗ್ರಂಥಿ ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡುತ್ತಿದ್ದರು. ಆ ಗ್ರಂಥಿಯ ವರ್ಣತಂತುಗಳು ದೈತ್ಯ ಗಾತ್ರದವು, ಅಡ್ಡಡ್ಡ ಪಟ್ಟೆಗಳಿಂದ ಕೂಡಿದವು. ಯಾವ ಜಾಗದ ಜೀನ್ ಚುರುಕಾಗುತ್ತದೋ ಆ ಪಟ್ಟೆ ಉಬ್ಬಿಕೊಳ್ಳುತ್ತದೆ. (ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಈ ನೋಟ ಹೊಸದಲ್ಲ. ಹಣ್ಣುನೊಣದ ತಳಿಗಳನ್ನು ಕಾಪಾಡಿಕೊಂಡು ಬಂದಿರುವ ಕೇಂದ್ರವೇ ಅಲ್ಲಿದೆ.) ಒಂದು ದಿನ ಯಾರೋ ಇನ್‌ಕ್ಯುಬೇಟರಿನ ಬಿಸಿ ಏರಿಸಿಬಿಟ್ಟಿದ್ದರು. ರಿಟೋಸ್ಸಾ ಅಂದು ನೋಡಿದ ಉಬ್ಬುಗಳು ಎಂದಿನ ಜಾಗದಲ್ಲಿರಲಿಲ್ಲ. ಹಳೆಯವು ತಗ್ಗಿ, ಬೇರೆಯೇ ಕೆಲವು ಜಾಗಗಳಲ್ಲಿ ಹೊಸವು ಎದ್ದಿದ್ದವು. ಬೇರೆಯವರಾಗಿದ್ದರೆ ಹಾಳಾದ ಸ್ಯಾಂಪಲ್ ಎಂದು ಎಸೆಯುತ್ತಿದ್ದರೇನೋ. ಅವರು ಬೇಕೆಂದೇ ಬಿಸಿ ಏರಿಸಿ ಮತ್ತೆ ನೋಡಿದರು. ಬಿಸಿ ತಾಗಿದ ಕೆಲವೇ ನಿಮಿಷಗಳಲ್ಲಿ ಆ ಜೀನ್‌ಗಳು ಎಚ್ಚರಗೊಳ್ಳುತ್ತಿದ್ದವು. ಡೈನೈಟ್ರೊಫಿನಾಲ್, ಸ್ಯಾಲಿಸಿಲೇಟ್‌ನಂಥ ರಾಸಾಯನಿಕ ಹಾಕಿದರೂ ಅವೇ ಉಬ್ಬುಗಳು ಏಳುತ್ತಿದ್ದವು. ಇದರಲ್ಲಿ ಜೀವಶಾಸ್ತ್ರಕ್ಕೆ ಮಹತ್ವದ್ದೇನೂ ಇಲ್ಲ ಎಂದು ಹೆಸರಾಂತ ಪತ್ರಿಕೆಯೊಂದು ಲೇಖನವನ್ನು ಹಿಂತಿರುಗಿಸಿತು. ಅದು ಕೊನೆಗೆ ಅಚ್ಚಾದದ್ದು 1962ರಲ್ಲಿ, ‘ಎಕ್ಸ್‌ಪೀರಿಯೆನ್ಷಿಯಾ’ದಲ್ಲಿ.

ಉಬ್ಬಿದ ಜೀನ್‌ಗಳಿಂದ ಏನು ತಯಾರಾಗುತ್ತದೆ ಎಂದು ಗೊತ್ತಾಗುವುದಕ್ಕೆ ಮತ್ತೆ ಹನ್ನೆರಡು ವರ್ಷ ಹಿಡಿಯಿತು. 1974ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಆಲ್ಫ್ರೆಡ್ ಟಿಸ್ಸಿಯೆರ್, ಹರ್ಷೆಲ್ ಮಿಚೆಲ್, ಉರ್ಸುಲಾ ಟ್ರೇಸಿ ಮೂವರೂ ಬಿಸಿ ತಾಗಿದ ಜೊಲ್ಲುಗ್ರಂಥಿಯಲ್ಲಿ ಕೆಲವು ಪ್ರೋಟೀನುಗಳು ಮಾತ್ರ ಥಟ್ಟನೆ ಹೆಚ್ಚುವುದನ್ನು ತೋರಿಸಿದರು. ಅವುಗಳಲ್ಲಿ ಎದ್ದು ಕಂಡದ್ದರ ತೂಕ ಸುಮಾರು 70 ಕಿಲೋಡಾಲ್ಟನ್. ಎಚ್‌ಎಸ್‌ಪಿ70 ಎಂಬ ಹೆಸರಿನ 70 ಬಂದದ್ದು ಅಲ್ಲಿಂದ. ಈ ಹೊತ್ತಿಗೆ ನಮ್ಮ ದೇಶದಲ್ಲೂ ಕೆಲಸ ಶುರುವಾಗಿತ್ತು ಎಂಬುದನ್ನು ಹೇಳಲೇಬೇಕು. ಕಲ್ಕತ್ತದಲ್ಲಿ ಎಸ್.ಸಿ. ಲಖೋಟಿಯಾ ಮತ್ತು ಎ.ಎಸ್. ಮುಖರ್ಜಿ 1970ರಲ್ಲೇ ಬೆಂಜಮೈಡ್ ಎಂಬ ರಾಸಾಯನಿಕವು ಹಣ್ಣುನೊಣದ 93ಡಿ ಎಂಬ ಒಂದೇ ಜಾಗವನ್ನು ಉಬ್ಬಿಸುತ್ತದೆ ಎಂದು ಕಂಡುಕೊಂಡಿದ್ದರು. ಬಿಸಿ ತಾಗಿದಾಗ ಏಳುವ ಉಬ್ಬುಗಳಲ್ಲಿ ಅದೂ ಒಂದು. ಆ ಜೀನ್ ಪ್ರೋಟೀನನ್ನೇ ತಯಾರಿಸುವುದಿಲ್ಲ, ಅದರ ಕೆಲಸವೆಲ್ಲ ಆರ್‌ಎನ್‌ಎ ಮೂಲಕ. ಲಖೋಟಿಯಾ ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಅದರ ಬೆನ್ನು ಹತ್ತಿದರು.

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಉದ್ದನೆಯ ಸರಪಳಿ. ಅದು ತನಗೆ ತಕ್ಕ ಆಕಾರಕ್ಕೆ ಮಡಿಚಿಕೊಂಡಾಗಲೇ ಕೆಲಸಕ್ಕೆ ಬರುವುದು. ಬಿಸಿ ಹೆಚ್ಚಾದರೆ ಮಡಿಕೆ ಬಿಚ್ಚುತ್ತದೆ. ಒಳಗೆ ಅಡಗಿರಬೇಕಾದ, ನೀರಿಗೆ ಒಗ್ಗದ ಭಾಗಗಳು ಹೊರಬಿದ್ದು, ಅಕ್ಕಪಕ್ಕದ ಪ್ರೋಟೀನುಗಳ ಇಂಥದೇ ಭಾಗಗಳಿಗೆ ಅಂಟಿ, ಗಂಟು ಕಟ್ಟುತ್ತವೆ. ಎಚ್‌ಎಸ್‌ಪಿ70 ಆ ಹೊರಬಿದ್ದ ಭಾಗಗಳನ್ನು ಹಿಡಿದುಕೊಳ್ಳುತ್ತದೆ, ಎಟಿಪಿಯ ಶಕ್ತಿ ಖರ್ಚುಮಾಡಿ ಬಿಡುತ್ತದೆ, ಬೇಕಾದರೆ ಮತ್ತೆ ಹಿಡಿಯುತ್ತದೆ. ಸರಪಳಿಗೆ ಸರಿಯಾಗಿ ಮಡಿಚಿಕೊಳ್ಳಲು ಹೀಗೆ ಇನ್ನೊಂದು ಅವಕಾಶ ಸಿಗುತ್ತದೆ. ಮನುಷ್ಯರಲ್ಲಿ ಈ ಪ್ರೋಟೀನಿನ ಉದ್ದ 641 ಅಮೈನೊ ಆಮ್ಲ. ಸುಖವಾಗಿರುವ ಜೀವಕೋಶದಲ್ಲಿ ಇದು ಅಷ್ಟಾಗಿ ಇರುವುದಿಲ್ಲ, ಸಂಕಟ ಬಂದ ಕೆಲವೇ ಗಂಟೆಗಳಲ್ಲಿ ಹಲವು ಪಟ್ಟು ಏರುತ್ತದೆ. ಸಣ್ಣ ಬಿಸಿಯನ್ನು ಒಮ್ಮೆ ತಿಂದ ಜೀವಕೋಶ ಮುಂದಿನ ದೊಡ್ಡ ಬಿಸಿಯನ್ನು ತಾಳಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಜಿಕೆವಿಕೆಯ ಕೃಷಿ ವಿಜ್ಞಾನಿಗಳು ಸೂರ್ಯಕಾಂತಿ, ಕಡಲೆಕಾಯಿಗಳ ಮೊಳಕೆಗಳನ್ನು ಮೊದಲು ಮೆಲ್ಲಗೆ ಬಿಸಿಗೆ ಒಡ್ಡಿ, ಆಮೇಲೆ ಸಾಯುವಷ್ಟು ಬಿಸಿಗೆ ಒಡ್ಡಿ, ಬದುಕುಳಿದವನ್ನು ಆರಿಸುವ ವಿಧಾನವನ್ನು ರೂಪಿಸಿದ್ದು ಇದೇ ತಿಳಿವಳಿಕೆಯ ಮೇಲೆ.

ಇನ್ನು ಅಳೆಯುವ ವಿಧಾನಕ್ಕೆ ಬರೋಣ. ರಕ್ತದ ಒಂದು ಹನಿಯಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಅವುಗಳ ನಡುವೆ ನ್ಯಾನೊಗ್ರಾಂ ಲೆಕ್ಕದಲ್ಲಿರುವ ಒಂದನ್ನು ಹುಡುಕಿ ಹಿಡಿಯುವುದು ಪ್ರತಿಕಾಯಕ್ಕೆ (ಆಂಟಿಬಾಡಿಗೆ) ಸಾಧ್ಯ ಎಂದು ಮೊದಲು ಕಂಡುಕೊಂಡವರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದ ರೊಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್. ಹೊರಗಿನಿಂದ ಕೊಟ್ಟ ಇನ್ಸುಲಿನ್ನಿನ ವಿರುದ್ಧ ಮೈ ಪ್ರತಿಕಾಯ ತಯಾರಿಸುತ್ತದೆ ಎಂಬ ಅವರ ಲೇಖನ 1955ರಲ್ಲಿ ತಿರಸ್ಕೃತವಾಯಿತು. ತಲೆಬರಹದಿಂದ ಪ್ರತಿಕಾಯ ಎಂಬ ಮಾತನ್ನು ತೆಗೆದ ಮೇಲೆಯೇ ಅದು ಅಚ್ಚಾದದ್ದು. ಆ ತಿರಸ್ಕಾರದ ಪತ್ರವನ್ನು ಜೋಪಾನವಾಗಿಟ್ಟುಕೊಂಡಿದ್ದ ಯಾಲೊ 1977ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಬರ್ಸನ್ ಆ ಹೊತ್ತಿಗೆ ತೀರಿಕೊಂಡಿದ್ದರು. ಇಬ್ಬರೂ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. ಅದರಲ್ಲಿ ಬಳಕೆಯಾಗುತ್ತಿದ್ದದ್ದು ವಿಕಿರಣ ಸೂಸುವ ಅಯೋಡಿನ್. 1971ರಲ್ಲಿ ಸ್ಟಾಕ್‌ಹೋಮ್‌ನ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್, ಅದೇ ವರ್ಷ ಅವರಿಂದ ಬೇರೆಯಾಗಿ ನೆದರ್‌ಲೆಂಡ್ಸ್‌ನ ಆಂಟನ್ ಸ್ಕೂರ್ಸ್ ಮತ್ತು ಬೌಕೆ ಫಾನ್ ವೇಮೆನ್, ವಿಕಿರಣದ ಜಾಗದಲ್ಲಿ ಬಣ್ಣ ಬರಿಸುವ ಕಿಣ್ವವನ್ನು ತಂದು ಕೂರಿಸಿದರು. ಎಲೈಸಾ ಹುಟ್ಟಿದ್ದು ಹೀಗೆ. ಸೀಸದ ಗುರಾಣಿ ಬೇಡ, ವಿಶೇಷ ಅನುಮತಿ ಬೇಡ. ಸಣ್ಣ ಊರಿನ ಪ್ರಯೋಗಾಲಯವೂ ಮಾಡಬಹುದಾದ ಕೆಲಸವಾಯಿತು. 1975ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಕೋಲರ್, ಸೆಸಾರ್ ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಯುವ ದಾರಿ ತೋರಿಸಿದ ಮೇಲೆ ಕಿಟ್‌ಗಳ ವ್ಯಾಪಾರ ಬೆಳೆಯಿತು.

ಎಚ್‌ಎಸ್‌ಪಿ70 ಕಿಟ್ ಕೈಗೆ ಬಂದಾಗ ಅದೊಂದು ರಟ್ಟಿನ ಡಬ್ಬಿ. ಐಸ್ ಪ್ಯಾಕ್‌ಗಳ ನಡುವೆ ಬರುತ್ತದೆ. ಆಮದು ಮಾಡಿದ್ದಾದರೆ ಬೆಲೆ ಹತ್ತಾರು ಸಾವಿರ ರೂಪಾಯಿ. ಒಳಗೆ ಬೆಳ್ಳಿಬಣ್ಣದ ಚೀಲದಲ್ಲಿ ಅಂಗೈಯಗಲದ ಪಾರದರ್ಶಕ ಪ್ಲೇಟು: ಎಂಟು ಸಾಲು, ಹನ್ನೆರಡು ಕಂಬ, ಒಟ್ಟು 96 ಕುಳಿಗಳು. ಲ್ಯಾಬಿನ ಮಾತಿನಲ್ಲಿ ಇವು ‘ವೆಲ್’. ಪ್ರತಿ ವೆಲ್ಲಿನ ತಳಕ್ಕೆ ಎಚ್‌ಎಸ್‌ಪಿ70ಯನ್ನು ಹಿಡಿಯುವ ಪ್ರತಿಕಾಯವನ್ನು ಮೊದಲೇ ಅಂಟಿಸಿರುತ್ತಾರೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಜೊತೆಗೆ ಪುಟ್ಟ ಪುಟ್ಟ ಸೀಸೆಗಳು. ಒಂದರಲ್ಲಿ ಪುಡಿಯಾಗಿ ಒಣಗಿಸಿಟ್ಟ ಶುದ್ಧ ಎಚ್‌ಎಸ್‌ಪಿ70. ಇದನ್ನು ‘ಸ್ಟ್ಯಾಂಡರ್ಡ್’ ಎನ್ನುತ್ತಾರೆ.

ವಿದ್ಯಾರ್ಥಿ ಈ ಪುಡಿಯನ್ನು ಕರಗಿಸಿ, ಅರ್ಧ, ಅರ್ಧದರ್ಧ ಎಂದು ತೆಳುಮಾಡುತ್ತ ಏಳು ಹಂತ ಮಾಡಿಕೊಳ್ಳುತ್ತಾರೆ. ಎಂಟನೆಯದು ಬರೀ ದ್ರಾವಣ, ಅದರಲ್ಲಿ ಪ್ರೋಟೀನ್ ಇಲ್ಲ. ಎಲ್ಲವನ್ನೂ ಎರಡೆರಡು ವೆಲ್‌ಗಳಲ್ಲಿ ಹಾಕಬೇಕು, ಅಲ್ಲಿಗೆ 16 ವೆಲ್ ಮುಗಿಯಿತು. ಉಳಿದ 80ರಲ್ಲಿ 40 ಸ್ಯಾಂಪಲ್. ಪಿಪೆಟ್ಟಿನಿಂದ ನೂರು ನೂರು ಮೈಕ್ರೊಲೀಟರ್ ಬಿಡುವಾಗ ಗುಳ್ಳೆ ಬರಬಾರದು, ತುದಿ ತಳಕ್ಕೆ ತಾಗಬಾರದು, ಯಾವ ವೆಲ್‌ವರೆಗೆ ಹಾಕಿದೆ ಎಂಬ ಲೆಕ್ಕ ತಪ್ಪಬಾರದು. ಒಂದೆರಡು ಗಂಟೆ ಬಿಟ್ಟರೆ ಸ್ಯಾಂಪಲ್ಲಿನಲ್ಲಿರುವ ಎಚ್‌ಎಸ್‌ಪಿ70 ತಳದ ಪ್ರತಿಕಾಯಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತೊಳೆಯುವ ಕೆಲಸ. ದ್ರಾವಣ ತುಂಬುವುದು, ಸಿಂಕಿಗೆ ಚೆಲ್ಲುವುದು, ಮಡಿಚಿದ ಟಿಶ್ಯೂ ಕಾಗದದ ಮೇಲೆ ಪ್ಲೇಟನ್ನು ಬೋರಲು ಹಾಕಿ ಟಪಟಪನೆ ಬಡಿಯುವುದು; ಮತ್ತೆ ತುಂಬುವುದು. ಎಲೈಸಾ ಕೆಟ್ಟಿತು ಎಂದರೆ ಅನುಭವಸ್ಥರು ಮೊದಲು ಕೇಳುವುದು ‘ಸರಿಯಾಗಿ ವಾಶ್ ಮಾಡಿದ್ರಾ?’ ಎಂದೇ. ಮುಂದೆ ಎರಡನೆಯ ಪ್ರತಿಕಾಯ. ಅದು ಎಚ್‌ಎಸ್‌ಪಿ70ಯನ್ನು ಇನ್ನೊಂದು ಬದಿಯಿಂದ ಹಿಡಿಯುತ್ತದೆ. ಅದರ ಬೆನ್ನಿಗೆ ಬಯೋಟಿನ್ ಎಂಬ ವಿಟಮಿನ್, ಬಯೋಟಿನ್ನಿಗೆ ಬಿಡದೆ ಅಂಟುವ ಸ್ಟ್ರೆಪ್ಟಾವಿಡಿನ್, ಅದಕ್ಕೆ ಜೋಡಿಸಿದ ಪೆರಾಕ್ಸಿಡೇಸ್ ಕಿಣ್ವ. ಕೊನೆಗೆ ಬಣ್ಣವಿಲ್ಲದ ಟಿಎಂಬಿ ದ್ರಾವಣ ಬಿಟ್ಟಾಗ ಪ್ಲೇಟು ನೋಡುತ್ತಿದ್ದಂತೆ ನೀಲಿಯಾಗುತ್ತದೆ, ಸ್ಟ್ಯಾಂಡರ್ಡ್ ಹೆಚ್ಚಿದ್ದಲ್ಲಿ ಕಡುನೀಲಿ, ಕೆಳಕೆಳಗೆ ತಿಳಿ, ಕೊನೆಯ ವೆಲ್ಲಿನಲ್ಲಿ ಏನೂ ಇಲ್ಲ. ಗಂಧಕಾಮ್ಲ ಬಿದ್ದ ಕೂಡಲೇ ನೀಲಿಯೆಲ್ಲ ಹಳದಿ. ಆ ಹಳದಿಯ ಗಾಢತೆಯನ್ನು 450 ನ್ಯಾನೊಮೀಟರ್ ಬೆಳಕಿನಲ್ಲಿ ಯಂತ್ರ ಓದುತ್ತದೆ. ಸ್ಟ್ಯಾಂಡರ್ಡ್‌ನ ಏಳು ಹಂತಗಳಿಂದ ಬಂದ ವಕ್ರರೇಖೆಯ ಮೇಲೆ ನಿಮ್ಮ ಸ್ಯಾಂಪಲ್ ಎಲ್ಲಿ ಕೂರುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕಿ, ದಶಾಂಶದ ಎರಡು ಸ್ಥಾನದವರೆಗೆ ಸಂಖ್ಯೆ ಕೊಡುತ್ತದೆ.

ಆ ದಶಾಂಶಗಳು ಹುಟ್ಟಿಸುವ ಭರವಸೆಯೇ ನನ್ನನ್ನು ಚಿಂತೆಗೆ ಹಚ್ಚುವುದು. ಎಷ್ಟು ಪ್ರತಿಕಾಯ ಅಂಟಿದೆ ಎಂಬುದನ್ನು ಹಳದಿ ಬಣ್ಣ ಹೇಳುತ್ತದೆ. ಯಾವುದಕ್ಕೆ ಅಂಟಿದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ವೆಸ್ಟರ್ನ್ ಬ್ಲಾಟ್ ಎಂಬ ಇನ್ನೊಂದು ವಿಧಾನದಲ್ಲಿ ಪ್ರೋಟೀನುಗಳು ತೂಕದ ಪ್ರಕಾರ ಬೇರೆಬೇರೆಯಾಗುತ್ತವೆ, 70ರ ಜಾಗದಲ್ಲಿ ಪಟ್ಟಿ ಬಂದಿದೆಯೋ 40ರ ಜಾಗದಲ್ಲೋ ಎಂದು ಕಣ್ಣಾರೆ ನೋಡಬಹುದು. ಎಲೈಸಾ ಪ್ಲೇಟಿನಲ್ಲಿ ಸರಿಯಾದ ಹಿಡಿತವೂ ತಪ್ಪು ಹಿಡಿತವೂ ಒಂದೇ ಹಳದಿ.

ಎಚ್‌ಎಸ್‌ಪಿ70ಯ ವಿಷಯದಲ್ಲಿ ತಪ್ಪು ಹಿಡಿತಕ್ಕೆ ಅವಕಾಶ ಬಹಳ. ಮನುಷ್ಯರಲ್ಲಿ ಈ ಕುಟುಂಬಕ್ಕೆ ಸೇರಿದ 13 ಜೀನ್‌ಗಳಿವೆ. ಸಂಕಟ ಬಂದಾಗ ಮುಖ್ಯವಾಗಿ ಏರುವುದು ಎಚ್‌ಎಸ್‌ಪಿಎ1ಎ ಮತ್ತು ಅದರ ಅವಳಿ ಎಚ್‌ಎಸ್‌ಪಿಎ1ಬಿ. ಎಚ್‌ಎಸ್‌ಪಿಎ8 ಎಂಬ ಇನ್ನೊಂದು ಸದಾಕಾಲ, ಧಾರಾಳವಾಗಿ ಇರುವ ಪ್ರೋಟೀನ್. ಸುಖವೋ ದುಃಖವೋ, ಅದರ ಪ್ರಮಾಣ ಹೆಚ್ಚು ಬದಲಾಗುವುದಿಲ್ಲ. ಎರಡರ ಅಮೈನೊ ಆಮ್ಲಗಳ ಸಾಲು ನೂರಕ್ಕೆ ಸುಮಾರು 85ರಷ್ಟು ಒಂದೇ. ಕಿಟ್ಟಿನ ಪ್ರತಿಕಾಯ ಇವೆರಡನ್ನೂ ಹಿಡಿಯುವಂಥದ್ದಾದರೆ, ಸದಾ ಇರುವುದರ ರಾಶಿಯಲ್ಲಿ ಹೊಸದಾಗಿ ಏರಿದ್ದು ಮುಚ್ಚಿಹೋಗುತ್ತದೆ. ಸಂಕಟವೇ ಆಗಿಲ್ಲ ಎಂಬ ತೀರ್ಮಾನಕ್ಕೆ ಸಂಶೋಧಕರು ಬರುತ್ತಾರೆ. ಇನ್ನು ಆಡು, ಎಮ್ಮೆ, ಮೀನುಗಳಿಗೆಂದು ಮಾರುವ ಕಿಟ್‌ಗಳಲ್ಲಿ ಆ ಪ್ರಾಣಿಯ ಪ್ರೋಟೀನಿನ ಮೇಲೆ ಪರೀಕ್ಷೆ ಮಾಡಿ ತೋರಿಸಿದ ಮಾಹಿತಿ ಎಷ್ಟಿದೆ ಎಂದು ಕೈಪಿಡಿ ತೆರೆದು ನೋಡಬೇಕು. ಹೆಸರಿನ ಮುಂದೆ ‘ಗೋಟ್’ ಎಂದು ಅಚ್ಚಾದ ಮಾತ್ರಕ್ಕೆ ಅದು ಆಡಿನ ಪ್ರೋಟೀನನ್ನು ಹಿಡಿದೀತು ಎಂದು ನಂಬುವುದಕ್ಕಾಗದು.

ಇದು ಬರೀ ಅನುಮಾನದ ಮಾತಲ್ಲ. ಟೊರಾಂಟೊದ ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ ಅಯೊನಿಸ್ ಪ್ರಸ್ಸಾಸ್, ಎಲೆಫ್ತೇರಿಯೊಸ್ ಡಯಮಾಂಡಿಸ್ ಮತ್ತವರ ತಂಡ ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಬೇಗ ಪತ್ತೆಮಾಡಬಲ್ಲ ಪ್ರೋಟೀನೊಂದನ್ನು ಹುಡುಕುತ್ತಿತ್ತು. ಸಿಯುಝಡ್‌ಡಿ1 ಎಂಬ ಪ್ರೋಟೀನ್ ಭರವಸೆ ಹುಟ್ಟಿಸಿತು. ಅಂಗಡಿಯಲ್ಲಿ ಸಿಗುವ ಎಲೈಸಾ ಕಿಟ್ ಕೊಂಡು ರೋಗಿಗಳ ಸ್ಯಾಂಪಲ್‌ಗಳನ್ನು ಅಳೆದರು. ಫಲಿತಾಂಶ ಚೆನ್ನಾಗಿಯೇ ಬರುತ್ತಿತ್ತು. ಕೊನೆಗೆ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡಿದರೆ ಕಿಟ್ ಹಿಡಿಯುತ್ತಿದ್ದದ್ದು ಸಿಯುಝಡ್‌ಡಿ1 ಅನ್ನಲ್ಲ, ಮೊದಲಿನಿಂದ ಎಲ್ಲರಿಗೂ ಗೊತ್ತಿರುವ ಸಿಎ125 ಎಂಬ ಬೇರೊಂದು ಕ್ಯಾನ್ಸರ್ ಪ್ರೋಟೀನನ್ನು. ಎರಡು ವರ್ಷ, ಸುಮಾರು ಐದು ಲಕ್ಷ ಡಾಲರ್, ಸಾವಿರಾರು ರೋಗಿಗಳ ಸ್ಯಾಂಪಲ್, ಎಲ್ಲ ಕೈಬಿಟ್ಟುಹೋಯಿತು. ಅವರು ಇದನ್ನು ಮುಚ್ಚಿಡದೆ ಪ್ರಕಟಿಸಿದರು. ನಾನು ಅವರನ್ನು ಮನಸಾರೆ ಗೌರವಿಸುವುದು ಅದಕ್ಕೆ. ಎಷ್ಟೋ ಲ್ಯಾಬ್‌ಗಳಲ್ಲಿ ಇಂಥದ್ದು ಬೀರುವಿನೊಳಗೇ ಉಳಿಯುತ್ತದೆ.

2015ರಲ್ಲಿ ಆಂಡ್ರ್ಯೂ ಬ್ರಾಡ್‌ಬರಿ, ಆಂಡ್ರಿಯಾಸ್ ಪ್ಲುಕ್ತುನ್ ಹಾಗೂ ನೂರಕ್ಕೂ ಮಿಕ್ಕಿ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಟ್ಟಾಗಿ ಬರೆದರು: ಇಂಥ ಪ್ರತಿಕಾಯಗಳಿಗೆ ಜಗತ್ತು ವರ್ಷಕ್ಕೆ ಖರ್ಚು ಮಾಡುವ ಸುಮಾರು 160 ಕೋಟಿ ಡಾಲರಿನಲ್ಲಿ ಅರ್ಧದಷ್ಟು ಕೆಟ್ಟ ಪ್ರತಿಕಾಯಗಳ ಪಾಲಾಗುತ್ತಿದೆ ಎಂಬುದು ಅವರ ಅಂದಾಜು. ಮಾಂಟ್ರಿಯಲ್ಲಿನ ವೈಕಾರೋಸ್ ತಂಡ 65 ಪ್ರೋಟೀನುಗಳಿಗೆಂದು ಮಾರುವ 614 ಪ್ರತಿಕಾಯಗಳನ್ನು ಒಂದೊಂದಾಗಿ ಪರೀಕ್ಷಿಸಿ 2023ರಲ್ಲಿ ವರದಿ ಕೊಟ್ಟಿತು. ಆ ಪ್ರೋಟೀನ್ ತಯಾರಿಸುವ ಜೀನನ್ನೇ ಕತ್ತರಿಸಿ ತೆಗೆದ ಜೀವಕೋಶಗಳ ಮೇಲೆ ಪ್ರತಿಕಾಯವನ್ನು ಪ್ರಯೋಗಿಸುವುದು ಅವರ ವಿಧಾನ. ಪ್ರೋಟೀನ್ ಇಲ್ಲದ ಕಡೆಯೂ ‘ಇದೆ’ ಎಂದರೆ ಆ ಪ್ರತಿಕಾಯ ಕೆಲಸಕ್ಕೆ ಬಾರದು. ಗುರುತೇ ಹಿಡಿಯದ ಪ್ರತಿಕಾಯಗಳನ್ನು ಬಳಸಿ ಒಂದೊಂದು ಪ್ರೋಟೀನಿನ ಮೇಲೂ ಸರಾಸರಿ ಹನ್ನೆರಡರಷ್ಟು ಲೇಖನಗಳು ಬಂದಿದ್ದವು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಲೇಖನಗಳ ಹಿಂದೆ ಯಾರದೋ ಪಿಎಚ್‌.ಡಿ ಇದೆ, ಯಾವುದೋ ಪ್ರಾಣಿಯ ಜೀವ ಹೋಗಿದೆ.

ಪ್ರತಿಕಾಯ ಸರಿ ಇದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. ಸಂತೆಯ ತಕ್ಕಡಿಯ ಬಟ್ಟಿಗೆ ಅಳತೆ-ತೂಕ ಇಲಾಖೆಯ ಮುದ್ರೆ ಇರುತ್ತದೆ, ಒಂದು ಕಿಲೋ ಎಂದರೆ ಗದಗಿನಲ್ಲೂ ಪುತ್ತೂರಿನಲ್ಲೂ ಒಂದೇ. ಇನ್ಸುಲಿನ್ನಿನಂಥ ಹಾರ್ಮೋನುಗಳಿಗೆ ಅಂಥ ಅಂತರರಾಷ್ಟ್ರೀಯ ಬಟ್ಟು ಇದೆ. ಎಚ್‌ಎಸ್‌ಪಿ70ಗೆ ಇಲ್ಲ. ಪ್ರತಿ ಕಂಪನಿಯೂ ತನ್ನ ಸೀಸೆಯಲ್ಲಿಟ್ಟ ಪುಡಿಯನ್ನೇ ಅಳತೆಗೋಲು ಮಾಡಿಕೊಂಡಿರುತ್ತದೆ. ಆರೋಗ್ಯವಂತರ ರಕ್ತದಲ್ಲಿ ಎಚ್‌ಎಸ್‌ಪಿ70 ಎಷ್ಟಿರುತ್ತದೆ ಎಂದು ಪ್ರಕಟಿತ ಲೇಖನಗಳನ್ನು ಹುಡುಕಿದರೆ, ಒಂದು ಕಡೆ ಅಳತೆಗೇ ಸಿಗದಷ್ಟು ಕಡಿಮೆ, ಇನ್ನೊಂದು ಕಡೆ ಹಲವು ನ್ಯಾನೊಗ್ರಾಂ. ಇಷ್ಟು ಅಂತರ ಬಂದರೆ ‘ನಾರ್ಮಲ್ ರೇಂಜ್’ ಎಂಬುದನ್ನು ಎಲ್ಲಿಂದ ತರುವುದು?

ರಕ್ತದ ವಿಷಯ ಇನ್ನೂ ನಾಜೂಕು. ಈ ಪ್ರೋಟೀನ್ ಇರಬೇಕಾದ್ದು ಜೀವಕೋಶದ ಒಳಗೆ. ಆರೋಗ್ಯವಂತರ ರಕ್ತದಲ್ಲೂ ಅದು ಇದೆ, ಅದರ ವಿರುದ್ಧ ಮೈಯೇ ತಯಾರಿಸಿದ ಪ್ರತಿಕಾಯಗಳೂ ಇವೆ ಎಂದು ಬ್ರಿಟನ್ನಿನ ಗ್ರಹಾಂ ಪಾಕ್ಲಿ ಮತ್ತವರ ಜೊತೆಯವರು 1998ರಲ್ಲಿ ತೋರಿಸಿದರು. ಮೈಯ ಪ್ರತಿಕಾಯ ಮೊದಲೇ ಹಿಡಿದುಕೊಂಡಿದ್ದರೆ ಕಿಟ್ಟಿನ ಪ್ರತಿಕಾಯಕ್ಕೆ ಜಾಗವೆಲ್ಲಿ? ಕೆಂಪು ರಕ್ತಕಣಗಳೊಳಗೂ ಎಚ್‌ಎಸ್‌ಪಿ70 ಇರುವುದರಿಂದ, ಸಿರಿಂಜಿನಲ್ಲಿ ರಭಸವಾಗಿ ಎಳೆದೋ ಟ್ಯೂಬನ್ನು ಜೋರಾಗಿ ಅಲುಗಾಡಿಸಿಯೋ ಕಣಗಳು ಒಡೆದರೆ ಸಂಖ್ಯೆ ಸುಮ್ಮನೆ ಏರುತ್ತದೆ. ಸ್ಯಾಂಪಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬಿಡಬೇಕು. ದೊಡ್ಡಿಯಲ್ಲಿ ಗಾಬರಿಯಾಗಿ ಕೊಸರುವ ಆಡಿನಿಂದ ರಕ್ತ ತೆಗೆಯುವವರಿಗೆ ಇದು ಎಷ್ಟು ಕಷ್ಟ ಎಂದು ಊಹಿಸಬಹುದು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿದ ಆರೋಗ್ಯವಂತರ ರಕ್ತದಲ್ಲಿ ಈ ಪ್ರೋಟೀನ್ ಹೆಚ್ಚಿತ್ತು, ಅವರ ಸ್ನಾಯುವಿನಲ್ಲಿ ಅದು ಏರುವುದಕ್ಕೂ ಮುಂಚೆಯೇ. ರಕ್ತದಲ್ಲಿ ಸಿಕ್ಕಿದ್ದು ಎಲ್ಲಿಂದ ಬಂತು ಎಂಬುದನ್ನು ರಕ್ತವೊಂದನ್ನೇ ನೋಡಿ ಹೇಳುವುದು ಸಾಧ್ಯವಿಲ್ಲ.

ಬಯೋಟಿನ್ ಬಗ್ಗೆ ಮೇಲೆ ಹೇಳಿದೆ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುವವರು ಇದನ್ನು ತಿಳಿದಿರಬೇಕು. ಪ್ಲೇಟಿನ ಕಿಟ್‌ಗಳಲ್ಲಿ ಸ್ಯಾಂಪಲ್ಲನ್ನು ಮೊದಲೇ ತೊಳೆದು ತೆಗೆಯುವುದರಿಂದ ತೊಂದರೆ ಕಡಿಮೆ. ಆಸ್ಪತ್ರೆಯ ಕೆಲವು ಯಂತ್ರಗಳಲ್ಲಿ ಎಲ್ಲವೂ ಒಟ್ಟಿಗೆ ಬೆರೆಯುತ್ತವೆ. ರಕ್ತದಲ್ಲಿ ಬಯೋಟಿನ್ ಅತಿಯಾಗಿದ್ದರೆ ಫಲಿತಾಂಶ ತಪ್ಪುತ್ತದೆ. 2017ರ ನವೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಈ ಕುರಿತು ಎಚ್ಚರಿಕೆ ಹೊರಡಿಸಿತು. ಹೃದಯಾಘಾತ ಪತ್ತೆಯ ಟ್ರೋಪೋನಿನ್ ಪರೀಕ್ಷೆ ತಪ್ಪಾಗಿ ಕಡಿಮೆ ತೋರಿಸಿದ, ಬಯೋಟಿನ್ ಸೇವಿಸುತ್ತಿದ್ದ ರೋಗಿಯೊಬ್ಬರ ಸಾವು ಅದಕ್ಕೆ ವರದಿಯಾಗಿತ್ತು. ರಕ್ತ ಪರೀಕ್ಷೆಗೆ ಹೋದಾಗ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ.

ಇಷ್ಟೆಲ್ಲ ತೊಡಕುಗಳಿದ್ದರೂ ಎಚ್‌ಎಸ್‌ಪಿ70ಯ ಅಳತೆ ಬೇಕೇ? ಖಂಡಿತ ಬೇಕು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಒಂದು ಕೆಲಸ ನೋಡಿ. ಉಸ್ಮಾನಾಬಾದಿ, ಮಲಬಾರಿ, ಸೇಲಂ ಕಪ್ಪು ಎಂಬ ಮೂರು ದೇಸಿ ತಳಿಗಳ 36 ಹೆಣ್ಣು ಆಡುಗಳನ್ನು ಆರಿಸಿ, ತಳಿಗೆ ಅರ್ಧದಷ್ಟನ್ನು ನೆರಳಿನಲ್ಲೂ ಉಳಿದರ್ಧವನ್ನು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬೇಸಿಗೆಯ ಬಿಸಿಲಿನಲ್ಲೂ 45 ದಿನ ಇಟ್ಟರು. ಉಸಿರಾಟ, ಮೈಬಿಸಿ, ತೂಕ, ನಡವಳಿಕೆಗಳ ಜೊತೆಗೆ ರಕ್ತದ ಬಿಳಿಕಣಗಳಲ್ಲಿ ಎಚ್‌ಎಸ್‌ಪಿ70 ಜೀನಿನ ಚಟುವಟಿಕೆಯನ್ನೂ ನೋಡಿದರು. ಬಿಸಿಲಿಗೆ ಚೆನ್ನಾಗಿ ಒಗ್ಗಿದ್ದು ಸೇಲಂ ಕಪ್ಪು ತಳಿ. ಗಮನಿಸಬೇಕಾದ್ದು, ಅವರು ಒಂದು ಸಂಖ್ಯೆಯನ್ನು ನೆಚ್ಚಿಕೊಳ್ಳಲಿಲ್ಲ. ಎಚ್‌ಎಸ್‌ಪಿ70 ಹೆಚ್ಚಿದೆ ಎಂದರೆ ಆ ಪ್ರಾಣಿ ಬಿಸಿಯನ್ನು ಎದುರಿಸಲು ಚೆನ್ನಾಗಿ ಸಜ್ಜಾಗಿದೆ ಎಂದೂ ಅರ್ಥವಾಗಬಹುದು, ಬಿಸಿ ಅದನ್ನು ಹಣ್ಣುಮಾಡಿದೆ ಎಂದೂ ಅರ್ಥವಾಗಬಹುದು. ಯಾವುದು ಸರಿ ಎಂದು ತಿಳಿಯುವುದಕ್ಕೆ ಆಡನ್ನೇ ನೋಡಬೇಕು: ಮೇಯುತ್ತಿದೆಯೇ, ಏದುಸಿರು ಬಿಡುತ್ತಿದೆಯೇ, ನೆರಳು ಹುಡುಕುತ್ತಿದೆಯೇ. ರೇಷ್ಮೆಗೂ ಇದೇ ಮಾತು. ನಮ್ಮ ಮೈಸೂರು ತಳಿಯ ಹುಳು ತಾಳುವ ಬಿಸಿಯನ್ನು ಸಿಎಸ್‌ಆರ್‌2ನಂಥ ದ್ವಿತಳಿ ಹುಳು ತಾಳದು ಎಂದು ಸಾಕುವವರಿಗೆ ಗೊತ್ತು. ಆ ವ್ಯತ್ಯಾಸದ ಕಾರಣ ಹುಡುಕುವವರಿಗೆ ಇಂಥ ಪ್ರೋಟೀನುಗಳ ಅಳತೆ ದಾರಿ ತೋರಿಸಬಹುದು, ಅಳತೆ ಸರಿಯಾಗಿದ್ದರೆ.

ಸರಿಯಾಗಿದೆಯೇ ಎಂದು ನೋಡುವುದು ದುಬಾರಿ ಕೆಲಸವಲ್ಲ. ಜೀವಕೋಶ ಬೆಳೆಸುವ ಸೌಲಭ್ಯ ಇದ್ದವರು ಒಂದು ತಟ್ಟೆಯನ್ನು 37 ಡಿಗ್ರಿಯಲ್ಲೇ ಬಿಟ್ಟು, ಇನ್ನೊಂದನ್ನು 42 ಡಿಗ್ರಿಗೆ ಒಂದು ಗಂಟೆ ಒಡ್ಡಿ, ಕೆಲವು ಗಂಟೆ ಸುಧಾರಿಸಿಕೊಳ್ಳಲು ಬಿಟ್ಟು ಅಳೆಯಲಿ. ಎಚ್‌ಎಸ್‌ಪಿ70 ಎದ್ದು ಕಾಣುವಂತೆ ಏರದಿದ್ದರೆ ಆ ಕಿಟ್ ಯಾವುದಕ್ಕೂ ಬೇಡ. ಗೊತ್ತಿದ್ದಷ್ಟು ಶುದ್ಧ ಪ್ರೋಟೀನನ್ನು ಸ್ಯಾಂಪಲ್ಲಿಗೆ ಬೆರೆಸಿ, ಬೆರೆಸಿದ್ದರಲ್ಲಿ ನೂರಕ್ಕೆ 80ರಿಂದ 120ರ ಒಳಗೆ ಮರಳಿ ಸಿಗುತ್ತದೆಯೇ ನೋಡಲಿ. ಸ್ಯಾಂಪಲ್ಲನ್ನು ಎರಡು ಪಟ್ಟು, ನಾಲ್ಕು ಪಟ್ಟು ತೆಳುಮಾಡಿದಾಗ ಲೆಕ್ಕವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆಯೇ ನೋಡಲಿ. ಒಂದು ಸಲ ವೆಸ್ಟರ್ನ್ ಬ್ಲಾಟ್ ಮಾಡಿ 70ರ ಜಾಗದಲ್ಲಿ ಪಟ್ಟಿ ಬರುವುದನ್ನು ಕಾಣಲಿ. ಇಷ್ಟಕ್ಕೆ ಪ್ಲೇಟಿನ ಎರಡು ಮೂರು ಕಂಬ, ಕೆಲವು ದಿನಗಳ ದುಡಿಮೆ ಸಾಕು.

ನಮ್ಮಲ್ಲಿ ಅಡ್ಡಿಯಾಗುವುದು ಹೆಚ್ಚಾಗಿ ಖರೀದಿಯ ಪದ್ಧತಿ. ಮೂರು ಕೊಟೇಷನ್ ತರಿಸಿ, ‘ಎಲ್‌1’ ಎಂದರೆ ಎಲ್ಲಕ್ಕಿಂತ ಅಗ್ಗದ ದರ ಹೇಳಿದವರಿಗೆ ಆರ್ಡರ್ ಕೊಡುವ ನಿಯಮ ಕುರ್ಚಿ ಮೇಜಿಗೆ ಸರಿ. ಮೊದಲ ವರ್ಷ ಒಂದು ಕಂಪನಿಯ ಕಿಟ್, ಎರಡನೆಯ ವರ್ಷ ಇನ್ನೊಂದರದು ಎಂದಾದರೆ ಎರಡು ವರ್ಷದ ಸಂಖ್ಯೆಗಳನ್ನು ಒಂದೇ ಪಟ್ಟಿಯಲ್ಲಿ ಹಾಕುವುದೇ ತಪ್ಪು. ಅನುದಾನದ ಹಣ ಮಾರ್ಚ್ ಕೊನೆಗೆ ಬಂದು, ಕಿಟ್ ಏಪ್ರಿಲ್ ಬಿಸಿಲಿನಲ್ಲಿ ಎಲ್ಲೋ ಗೋದಾಮಿನಲ್ಲಿ ಎರಡು ದಿನ ನಿಂತರೆ ಐಸ್ ಪ್ಯಾಕ್ ಕರಗಿ ನೀರಾಗಿರುತ್ತದೆ. ಎರಡರಿಂದ ಎಂಟು ಡಿಗ್ರಿಯಲ್ಲಿರಬೇಕಾದ ಪ್ರತಿಕಾಯ ಏನಾಯಿತೆಂದು ಡಬ್ಬಿಯನ್ನು ನೋಡಿ ಹೇಳಲಾಗದು. ಒಂದು ಯೋಜನೆಗೆ ಬೇಕಾದ ಕಿಟ್‌ಗಳೆಲ್ಲ ಒಂದೇ ಕಂಪನಿಯ ಒಂದೇ ಲಾಟ್‌ನಿಂದ ಬರಬೇಕು. ಪರೀಕ್ಷಿಸಿ ನೋಡುವುದಕ್ಕೆಂದೇ ಬಜೆಟ್ಟಿನಲ್ಲಿ ಒಂದು ಕಿಟ್ಟಿನ ಹಣ ಇರಬೇಕು. ಪ್ರಬಂಧದಲ್ಲಿ ಕ್ಯಾಟಲಾಗ್ ಸಂಖ್ಯೆ, ಲಾಟ್ ಸಂಖ್ಯೆ, ಸೀರಮ್ಮೋ ಪ್ಲಾಸ್ಮಾವೋ, ಕಣ ಒಡೆದ ಸ್ಯಾಂಪಲ್‌ಗಳನ್ನು ಏನು ಮಾಡಿದಿರಿ ಎಂಬುದೆಲ್ಲ ಬರೆದಿರಬೇಕು.

ಖರೀದಿ ಸಮಿತಿಗಳಲ್ಲಿ ಕೂರುವವರಿಗೆ, ಗೈಡ್‌ಗಳಿಗೆ, ವೈವಾ ತೆಗೆದುಕೊಳ್ಳಲು ಊರೂರಿಗೆ ಹೋಗುವ ಪ್ರಾಧ್ಯಾಪಕರಿಗೆ ನನ್ನದೊಂದು ವಿನಂತಿ. ಮುಂದಿನ ಸಲ ಎಲೈಸಾ ಫಲಿತಾಂಶವಿರುವ ಪ್ರಬಂಧ ಕೈಗೆ ಬಂದಾಗ, ಅಂಕಿಅಂಶದ ಪಟ್ಟಿಗೆ ಹೋಗುವ ಮೊದಲು ವಿದ್ಯಾರ್ಥಿಯನ್ನು ದಯವಿಟ್ಟು ಹೀಗೆ ಕೇಳಿ: ಈ ಕಿಟ್ ಅಳೆದದ್ದು ಎಚ್‌ಎಸ್‌ಪಿ70ಯನ್ನೇ ಎಂದು ನೀವು ಹೇಗೆ ಖಚಿತ ಮಾಡಿಕೊಂಡಿರಿ? ಆ ಪ್ರಶ್ನೆ ಬರುತ್ತದೆ ಎಂದು ಗೊತ್ತಾದರೆ ವಿದ್ಯಾರ್ಥಿಗಳು ಉತ್ತರ ಸಿದ್ಧಮಾಡಿಕೊಂಡೇ ಬರುತ್ತಾರೆ.